ಕೊಡಗಿನ ಸಣ್ಣ ಸಂಸ್ಥೆಗಳು ಫೌಂಡೇಶನ್ ಅನುದಾನ ಪಡೆಯುವುದು ಹೇಗೆ: ಫೈಲ್ ಜೋಡಿಸುವುದರಿಂದ ಕೊನೆಯ ಕಂತಿನವರೆಗೆ

"ಫೌಂಡೇಶನ್‌ನವರು ಅರ್ಜಿ ಕರೆದಿದ್ದಾರೆ, ಶುಕ್ರವಾರ ಕೊನೆ ದಿನ, ಒಂದು ಪ್ರಪೋಸಲ್ ಬರೆದುಕೊಡ್ತೀರಾ?" ಅಂತ ಸೋಮವಾರ ಫೋನ್ ಬರುತ್ತದೆ. ಹೀಗೆ ಕೇಳುವವರಲ್ಲಿ ತುಂಬಾ ಜನ ನಿಜಕ್ಕೂ ಒಳ್ಳೆ ಕೆಲಸ ಮಾಡುತ್ತಿರುವವರು. ಹಾಡಿಯ (ಆದಿವಾಸಿಗಳ ಊರು) ಮಕ್ಕಳಿಗೆ ಸಂಜೆ ಪಾಠ, ಲೈನ್ ಮನೆಯ (ತೋಟದ ಕಾರ್ಮಿಕರ ಸಾಲುಮನೆ) ಹೆಂಗಸರಿಗೆ ಆರೋಗ್ಯ ತಪಾಸಣೆ, ವಯಸ್ಸಾದವರಿಗೆ ಮಧ್ಯಾಹ್ನದ ಊಟ, ಎಲ್ಲಾ ಕೈಯಿಂದ ಹಾಕಿ ನಡೆಸುತ್ತಿರುತ್ತಾರೆ. ಆದರೆ ಆಡಿಟ್ ರಿಪೋರ್ಟ್ ಕೊಡಿ ಅಂದರೆ ಎರಡು ವರ್ಷದ್ದು ಬಾಕಿ. ಪ್ರಪೋಸಲ್ ಅನ್ನು ನಾಲ್ಕು ದಿನದಲ್ಲಿ ಬರೆಯಬಹುದು, ಬಾಕಿ ಬಿದ್ದ ಆಡಿಟ್ ಮುಗಿಸೋಕೆ ಆಗಲ್ಲ.

ಹಾಗಾಗಿ ನಾನು ಮೊದಲೇ ಹೇಳಿಬಿಡುತ್ತೇನೆ. ಅನುದಾನದ ಕೆಲಸದಲ್ಲಿ ಮುಕ್ಕಾಲು ಪಾಲು ಅರ್ಜಿ ಕರೆಯುವ ಮೊದಲೇ ಮುಗಿದಿರಬೇಕು. ಇದನ್ನು ಓದುತ್ತಿರುವುದು ಮಳೆಗಾಲದಲ್ಲಾದರೆ ಇನ್ನೂ ಒಳ್ಳೆಯದು, ಕೂತು ಫೈಲ್ ಸರಿ ಮಾಡೋಕೆ ಅದೇ ಸಮಯ.

ಹಣ ಯಾರ ಹತ್ತಿರ ಇದೆ?

ಕಮ್ಯುನಿಟಿ ಫೌಂಡೇಶನ್ ಅಂದರೆ ಒಂದು ಊರಿನ, ಒಂದು ಪ್ರದೇಶದ ಜನರ ದೇಣಿಗೆಯನ್ನು ಒಟ್ಟು ಸೇರಿಸಿ ಅದೇ ಪ್ರದೇಶದ ಕೆಲಸಕ್ಕೆ ಕೊಡುವ ಸಂಸ್ಥೆ. ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ 1914ರಲ್ಲಿ ಫ್ರೆಡರಿಕ್ ಗಾಫ್ ಎಂಬ ಬ್ಯಾಂಕರ್ ಮೊದಲನೆಯದನ್ನು ಶುರು ಮಾಡಿದರು. ನಮ್ಮಲ್ಲಿ ಆ ಮಾದರಿಯವು ಕಡಿಮೆ. ಇಲ್ಲಿ ಹಣ ಬರುವುದು ಬೇರೆ ಬೇರೆ ದಾರಿಯಲ್ಲಿ.

ದೊಡ್ಡ ದಾರಿ ಕಂಪನಿಗಳ ಸಿಎಸ್‌ಆರ್. 2013ರ ಕಂಪನಿ ಕಾಯ್ದೆಯ ಸೆಕ್ಷನ್ 135ರ ಪ್ರಕಾರ, ನಿಗದಿತ ಗಾತ್ರಕ್ಕಿಂತ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ. 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ತಮ್ಮ ಕೆಲಸ ನಡೆಯುವ ಜಾಗದ ಸುತ್ತಮುತ್ತಲಿಗೆ ಆದ್ಯತೆ ಕೊಡಬೇಕು ಅಂತಲೂ ಅದೇ ಸೆಕ್ಷನ್ ಹೇಳುತ್ತದೆ. ಕೊಡಗಿನಲ್ಲಿ ಕಾರ್ಖಾನೆ ಕಡಿಮೆ ಇರಬಹುದು, ಆದರೆ ಕಾಫಿ ತೋಟ ಇರುವ ಕಂಪನಿ, ರೆಸಾರ್ಟ್ ನಡೆಸುವ ಕಂಪನಿ, ಬ್ಯಾಂಕ್ ಎಲ್ಲಾ ಇವೆಯಲ್ಲ. ಟಾಟಾ ಕಾಫಿ (2024ರಲ್ಲಿ ಟಾಟಾ ಕನ್ಸ್ಯೂಮರ್ ಜೊತೆ ವಿಲೀನವಾದ ಕಂಪನಿ) ಬೆಂಬಲದಿಂದ ಬೆಳೆದ ಕೂರ್ಗ್ ಫೌಂಡೇಶನ್ ಸುಂಟಿಕೊಪ್ಪದಲ್ಲಿ ವಿಶೇಷ ಮಕ್ಕಳಿಗಾಗಿ ಸ್ವಸ್ಥ ಶಾಲೆ ನಡೆಸಿಕೊಂಡು ಬಂದಿರುವುದು ಜಿಲ್ಲೆಯಲ್ಲಿ ಎಲ್ಲರಿಗೂ ಗೊತ್ತು.

ಇನ್ನೊಂದು ದಾರಿ ಅಜೀಂ ಪ್ರೇಮ್‌ಜಿ ಫೌಂಡೇಶನ್, ಟಾಟಾ ಟ್ರಸ್ಟ್ಸ್ ಥರದ ದೊಡ್ಡ ದತ್ತಿ ಸಂಸ್ಥೆಗಳು. ಇಲ್ಲಿ ಸ್ಪರ್ಧೆ ಜಾಸ್ತಿ, ಆದರೆ ಒಮ್ಮೆ ನಂಬಿಕೆ ಬಂದರೆ ಹಲವು ವರ್ಷ ಜೊತೆಗಿರುತ್ತಾರೆ. ಮೂರನೆಯದು ರೋಟರಿ. ಕೊಡಗು ರೋಟರಿ ಜಿಲ್ಲೆ 3181ರಲ್ಲಿ ಬರುತ್ತದೆ. ರೋಟರಿಯ ದೊಡ್ಡ ಅನುದಾನವಾದ ಗ್ಲೋಬಲ್ ಗ್ರಾಂಟ್‌ಗೆ ಯೋಜನೆ ಕನಿಷ್ಠ 30,000 ಡಾಲರ್‌ನದ್ದಾಗಿರಬೇಕು, ಎರಡು ದೇಶದ ಕ್ಲಬ್‌ಗಳು ಸೇರಿರಬೇಕು. ಸಣ್ಣ ಕೆಲಸಕ್ಕೆ ಡಿಸ್ಟ್ರಿಕ್ಟ್ ಗ್ರಾಂಟ್ ಇದೆ. ನೆನಪಿಡಿ, ರೋಟರಿಗೆ ಅರ್ಜಿ ಹಾಕುವುದು ಕ್ಲಬ್, ನಿಮ್ಮ ಸಂಸ್ಥೆಯಲ್ಲ. ಹಾಗಾಗಿ ನಿಮ್ಮ ಊರಿನ ಕ್ಲಬ್‌ನವರ ಹತ್ತಿರ ಮೊದಲು ಮಾತಾಡಿ.

ಕೊನೆಯದಾಗಿ ನಮ್ಮವರೇ. ಬೆಂಗಳೂರು, ಮೈಸೂರಿನ ಕೊಡವ ಸಮಾಜ, ಗೌಡ ಸಮಾಜ, ಹೊರದೇಶದಲ್ಲಿರುವ ಕೊಡಗಿನವರು. ಇಲ್ಲಿ ಒಂದು ಎಚ್ಚರಿಕೆ. ಇಂಡಿಯನ್ ಪಾಸ್‌ಪೋರ್ಟ್ ಇಟ್ಟುಕೊಂಡು ದುಬೈನಲ್ಲೋ ಲಂಡನ್‌ನಲ್ಲೋ ದುಡಿಯುವವರು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸುವ ಹಣ ವಿದೇಶಿ ದೇಣಿಗೆ ಅಲ್ಲ. ಆದರೆ ಅವರು ಆ ದೇಶದ ಪೌರತ್ವ ತೆಗೆದುಕೊಂಡಿದ್ದರೆ, ಕೈಯಲ್ಲಿ ಒಸಿಐ ಕಾರ್ಡ್ (ಭಾರತ ಮೂಲದ ವಿದೇಶಿ ಪೌರರಿಗೆ ಕೊಡುವ ಕಾರ್ಡ್) ಇದ್ದರೂ, ಅದು ವಿದೇಶಿ ದೇಣಿಗೆಯೇ. ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಇಲ್ಲದೆ ಹತ್ತು ರೂಪಾಯಿಯೂ ತೆಗೆದುಕೊಳ್ಳಬೇಡಿ. ಕಳಿಸಿದವರು ಸ್ವಂತ ದೊಡ್ಡಪ್ಪನ ಮಗನೇ ಆದರೂ ಸಂಸ್ಥೆಯ ಖಾತೆಗೆ ಬಂದರೆ ಕಾನೂನು ಅದೇ.

ಫೈಲ್ ಜೋಡಿಸಿಕೊಳ್ಳಿ

ಇದು ಬೋರ್ ಅನ್ನಿಸುವ ಭಾಗ. ಆದರೂ ತುಂಬಾ ಅರ್ಜಿಗಳು ಬಿದ್ದುಹೋಗುವುದು ಇಲ್ಲೇ, ಯಾರೂ ನಿಮ್ಮ ಕೆಲಸದ ಬಗ್ಗೆ ಒಂದು ಸಾಲು ಓದುವ ಮೊದಲೇ.

ಮೊದಲು ನೋಂದಣಿ ಪತ್ರ ಮತ್ತು ಬೈಲಾ. ಟ್ರಸ್ಟ್ ಆಗಿದ್ದರೆ ಟ್ರಸ್ಟ್ ಡೀಡ್. ನೀವು ಕೇಳುತ್ತಿರುವ ಕೆಲಸ ಉದ್ದೇಶಗಳ ಪಟ್ಟಿಯಲ್ಲಿ ಇದೆಯಾ ನೋಡಿ. ಕ್ರೀಡೆ ಮತ್ತು ಸಂಸ್ಕೃತಿಗೆ ಅಂತ ಶುರುವಾದ ಯುವಕ ಸಂಘ ಈಗ ಆರೋಗ್ಯದ ಯೋಜನೆಗೆ ಹಣ ಕೇಳಿದರೆ ಪ್ರಶ್ನೆ ಬಂದೇ ಬರುತ್ತದೆ. ಸೊಸೈಟಿ ಆಗಿದ್ದರೆ ವರ್ಷ ವರ್ಷ ಸಂಘಗಳ ನೋಂದಣಾಧಿಕಾರಿಗೆ ಕೊಡಬೇಕಾದ ಪದಾಧಿಕಾರಿಗಳ ಪಟ್ಟಿ, ಲೆಕ್ಕಪತ್ರ ಕೊಟ್ಟಿದ್ದೀರಾ? ಬ್ಯಾಂಕಿನಲ್ಲಿ ಸಹಿ ಮಾಡುವವರು ಹಳೆ ಕಾರ್ಯದರ್ಶಿ, ಪಟ್ಟಿಯಲ್ಲಿ ಇರುವವರು ಹೊಸಬರು, ಹೀಗಾಗಿದ್ದರೆ ಮೊದಲು ಅದನ್ನು ಸರಿ ಮಾಡಿ. ಸಮಿತಿಯಲ್ಲಿ ಒಂದೇ ಒಕ್ಕದವರೇ (ಒಂದೇ ಮನೆತನದವರೇ) ತುಂಬಿದ್ದರೆ ಹೊರಗಿನವರನ್ನು ಸೇರಿಸಿಕೊಳ್ಳಿ. ಒಬ್ಬರು ನಿವೃತ್ತ ಮೇಷ್ಟರು, ಒಬ್ಬರು ನರ್ಸ್, ಮುಖ್ಯವಾಗಿ ನೀವು ಯಾರಿಗಾಗಿ ಕೆಲಸ ಮಾಡುತ್ತೀರೋ ಆ ಸಮುದಾಯದವರೊಬ್ಬರು. ದಾನಿಗಳು ಕೇಳುತ್ತಾರೆ ಅಂತ ಮಾತ್ರ ಅಲ್ಲ, ಹಾಡಿಯ ಒಬ್ಬ ಹೆಣ್ಣುಮಗಳು ಸಮಿತಿಯಲ್ಲಿದ್ದರೆ ನಿಮ್ಮ ತೀರ್ಮಾನಗಳೇ ಬದಲಾಗುತ್ತವೆ.

ಆಮೇಲೆ ತೆರಿಗೆ. ಸಂಸ್ಥೆಯ ಹೆಸರಿನ ಪ್ಯಾನ್, 12ಎಬಿ (ಸಂಸ್ಥೆಯ ಆದಾಯಕ್ಕೆ ತೆರಿಗೆ ವಿನಾಯಿತಿ ಕೊಡುವ ನೋಂದಣಿ), 80ಜಿ (ದೇಣಿಗೆ ಕೊಟ್ಟವರಿಗೆ ತೆರಿಗೆ ರಿಯಾಯಿತಿ ಕೊಡುವ ನೋಂದಣಿ). ಹೊಸ ಸಂಸ್ಥೆಗೆ ಮೊದಲು ಮೂರು ವರ್ಷದ ತಾತ್ಕಾಲಿಕ ನೋಂದಣಿ ಸಿಗುತ್ತದೆ. ಕೆಲಸ ಶುರು ಮಾಡಿದ ಆರು ತಿಂಗಳೊಳಗೆ ಅಥವಾ ಅವಧಿ ಮುಗಿಯುವ ಆರು ತಿಂಗಳ ಮೊದಲು, ಯಾವುದು ಬೇಗವೋ ಆಗ, ಪೂರ್ಣ ಪ್ರಮಾಣದ ನೋಂದಣಿಗೆ ಅರ್ಜಿ ಹಾಕಬೇಕು. ಇದನ್ನು ಮರೆತು ನೋಂದಣಿ ಕಳೆದುಕೊಂಡ ಸಂಸ್ಥೆಗಳಿವೆ. 2025ರ ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿ, ಅದರಲ್ಲಿ ಸೆಕ್ಷನ್ ನಂಬರ್‌ಗಳು ಬೇರೆ. ಜನ ಇನ್ನೂ ಹಳೆ ಹೆಸರಲ್ಲೇ ಕರೆಯುತ್ತಾರೆ, ಹಾಗಾಗಿ ನಿಮ್ಮ ಆಡಿಟರ್ ಹತ್ತಿರ ಎರಡೂ ಬರೆಸಿಟ್ಟುಕೊಳ್ಳಿ.

ಸಿಎಸ್‌ಆರ್ ಹಣ ಬೇಕಿದ್ದರೆ ಸಿಎಸ್‌ಆರ್-1 (ಕಂಪನಿ ವ್ಯವಹಾರಗಳ ಸಚಿವಾಲಯದಲ್ಲಿ ಸಲ್ಲಿಸುವ ನಮೂನೆ) ನೋಂದಣಿ ಬೇಕೇ ಬೇಕು. 2021ರ ಏಪ್ರಿಲ್‌ನಿಂದ ಇದು ಕಡ್ಡಾಯ. ಜೊತೆಗೆ ಅದೇ ಥರದ ಕೆಲಸದಲ್ಲಿ ಮೂರು ವರ್ಷದ ಅನುಭವವೂ ಇರಬೇಕು. ನಿಮ್ಮದು ಹೊಸ ಸಂಸ್ಥೆಯಾದರೆ ಬೇಜಾರಾಗಬೇಡಿ. ಆ ಮೂರು ವರ್ಷ ವ್ಯಕ್ತಿಗಳ ದೇಣಿಗೆ, ರೋಟರಿ, ಊರಿನ ತೋಟದ ಮಾಲೀಕರ ಸಹಾಯದಲ್ಲಿ ಸಣ್ಣದಾಗಿ ನಡೆಸಿ, ಪ್ರತಿಯೊಂದಕ್ಕೂ ದಾಖಲೆ ಇಡಿ. ನೀತಿ ಆಯೋಗದ ದರ್ಪಣ್ ಪೋರ್ಟಲ್‌ನಲ್ಲೂ ನೋಂದಾಯಿಸಿ. ಖರ್ಚಿಲ್ಲ, ಆ ಐಡಿ ನಂಬರ್ ಎಲ್ಲಾ ಕಡೆ ಕೇಳುತ್ತಾರೆ.

ಲೆಕ್ಕದ ವಿಷಯದಲ್ಲಿ ಒಂದೇ ಮಾತು: ನಗದು ಕಡಿಮೆ ಮಾಡಿ. ಒಬ್ಬರಿಗೆ ಒಂದೇ ದಿನ 10,000 ರೂಪಾಯಿಗಿಂತ ಜಾಸ್ತಿ ನಗದು ಕೊಟ್ಟರೆ ತೆರಿಗೆಯಲ್ಲಿ ಆ ಖರ್ಚು ಲೆಕ್ಕಕ್ಕೆ ಬರಲ್ಲ. ಜೀಪ್ ಬಾಡಿಗೆ, ಅಡುಗೆಯವರ ಕೂಲಿ ಎಲ್ಲಾ ಫೋನ್‌ಪೇ ಆದರೂ ಆಗಲಿ, ಸಂಸ್ಥೆಯ ಖಾತೆಯಿಂದ ಹೋಗಲಿ. 80ಜಿ ರಸೀದಿ ಕೊಟ್ಟ ದೇಣಿಗೆಗಳ ವಿವರವನ್ನು ಪ್ರತಿ ವರ್ಷ ಮೇ 31ರೊಳಗೆ ಇಲಾಖೆಗೆ ಸಲ್ಲಿಸಬೇಕು, ತಪ್ಪಿದರೆ ದಿನಕ್ಕೆ 200 ರೂಪಾಯಿ ಶುಲ್ಕ.

ಇವೆಲ್ಲವನ್ನೂ ಸ್ಕ್ಯಾನ್ ಮಾಡಿ ಒಂದೇ ಡ್ರೈವ್ ಫೋಲ್ಡರ್‌ನಲ್ಲಿ ಹಾಕಿ ಇಬ್ಬರ ಕೈಯಲ್ಲಿ ಪಾಸ್‌ವರ್ಡ್ ಇರಲಿ. ಮಳೆಗಾಲದಲ್ಲಿ ಕರೆಂಟ್ ಹೋಗಿ ನೆಟ್‌ವರ್ಕ್ ಸತ್ತಾಗ ಬೆಂಗಳೂರಿನಲ್ಲಿರುವ ಮಗಳೋ ತಮ್ಮನೋ ಅಲ್ಲಿಂದಲೇ ಅಪ್‌ಲೋಡ್ ಮಾಡಬಹುದು.

ಕಟ್ಟಡ ಕೇಳುವವರಿಗೆ

ಇದನ್ನು ಬೇರೆಯಾಗಿಯೇ ಹೇಳಬೇಕು, ಯಾಕೆಂದರೆ ಕೊಡಗಿನ ಜಾಗದ ಕಥೆಯೇ ಬೇರೆ. ಯಾವ ಫೌಂಡೇಶನ್ ಆದರೂ ಕಟ್ಟಡಕ್ಕೆ ಹಣ ಕೊಡುವ ಮೊದಲು ಜಾಗದ ಪಹಣಿ ಕೇಳುತ್ತದೆ. ಪೈಸಾರಿ ಜಾಗ ಅಂದರೆ ಸರ್ಕಾರದ್ದು, ಮಂಜೂರಾತಿ ಪತ್ರ ಇಲ್ಲದೆ ಅಲ್ಲಿ ಕಟ್ಟಲು ಯಾರೂ ಹಣ ಕೊಡಲ್ಲ. ಜಮ್ಮಾ ಜಾಗವನ್ನು (ಕುಟುಂಬಕ್ಕೆ ಒಟ್ಟಾಗಿ ತಲೆತಲಾಂತರದಿಂದ ಬಂದದ್ದು) ಒಬ್ಬರು ಹಿರಿಯರು ಬಾಯಿಮಾತಿನಲ್ಲಿ "ಕಟ್ಟಿಕೊಳ್ಳಿ" ಅಂದಿರಬಹುದು, ಆದರೆ ಪಹಣಿಯಲ್ಲಿ ಕುಟುಂಬದ ಪಟ್ಟೆದಾರರ (ಯಜಮಾನರ) ಹೆಸರಿರುತ್ತದೆ, ಪಾಲುದಾರರು ಎಲ್ಲೆಲ್ಲೋ ಇರುತ್ತಾರೆ, ಎಲ್ಲರ ಒಪ್ಪಿಗೆ ಬೇಕಾಗುತ್ತದೆ. ತೋಟದ ಲೈನ್ ಮನೆ ಪಕ್ಕದ ಜಾಗವೂ ಹಾಗೇ, ಮಾಲೀಕರು ಬದಲಾದರೆ ಕಟ್ಟಡ ಯಾರದ್ದು? ನನ್ನ ಸಲಹೆ ಕೇಳಿದರೆ, ಮೊದಲ ಅರ್ಜಿಯಲ್ಲಿ ಕಟ್ಟಡ ಕೇಳಲೇಬೇಡಿ. ಅಂಗನವಾಡಿ, ಶಾಲೆಯ ಖಾಲಿ ಕೋಣೆ, ಸಮುದಾಯ ಭವನ, ಯಾವುದಾದರೂ ಒಂದನ್ನು ಪಂಚಾಯಿತಿಯ ಅಥವಾ ಎಸ್‌ಡಿಎಂಸಿಯ (ಶಾಲಾಭಿವೃದ್ಧಿ ಸಮಿತಿ) ಲಿಖಿತ ಒಪ್ಪಿಗೆ ಪಡೆದು ಬಳಸಿ. ಹಣ ಜನರಿಗೆ ಹೋಗಲಿ.

ಯಾರನ್ನು ಕೇಳಬೇಕು ಅಂತ ಹುಡುಕುವುದು

ಕಂಪನಿಯ ಬೋರ್ಡ್ ಒಪ್ಪಿದ ಸಿಎಸ್‌ಆರ್ ಯೋಜನೆಗಳನ್ನು ಕಂಪನಿ ತನ್ನ ವೆಬ್‌ಸೈಟಿನಲ್ಲಿ ಹಾಕಬೇಕು ಅಂತ ನಿಯಮ ಇದೆ. ಕೂತು ಓದಿ. ಎಲ್ಲಿ ಖರ್ಚು ಮಾಡಿದ್ದಾರೆ, ಯಾವ ವಿಷಯಕ್ಕೆ, ಒಂದು ಯೋಜನೆಗೆ ಸಾಮಾನ್ಯವಾಗಿ ಎಷ್ಟು? ಕೋಟಿಗಟ್ಟಲೆ ಕೊಡುವವರ ಹತ್ತಿರ ಮೂರು ಲಕ್ಷ ಕೇಳಿದರೆ ಅವರಿಗೆ ಅದು ತಲೆನೋವು. ಕೇಂದ್ರ ಸರ್ಕಾರದ ಸಿಎಸ್‌ಆರ್ ಪೋರ್ಟಲ್‌ನಲ್ಲೂ ರಾಜ್ಯವಾರು ಖರ್ಚಿನ ವಿವರ ಸಿಗುತ್ತದೆ. ಹೀಗೆ ಹುಡುಕಿ ನಾಲ್ಕೈದು ಹೆಸರು ಆರಿಸಿ, ಐವತ್ತು ಕಡೆ ಒಂದೇ ಇಮೇಲ್ ಕಳಿಸಬೇಡಿ.

ಮೊದಲ ಇಮೇಲ್ ಚಿಕ್ಕದಿರಲಿ. ನಾವು ಯಾರು, ಎಲ್ಲಿ, ಎಷ್ಟು ವರ್ಷದಿಂದ, ಏನು ಮಾಡಬೇಕೆಂದಿದ್ದೇವೆ, ನಿಮ್ಮ ಆದ್ಯತೆಗೆ ಇದು ಹೊಂದುತ್ತದಾ, ಹತ್ತು ನಿಮಿಷ ಫೋನ್‌ನಲ್ಲಿ ಮಾತಾಡಬಹುದಾ. ಇಷ್ಟೇ. ಆ ಫೋನ್‌ನಲ್ಲಿ ಅವರು "ಈ ವರ್ಷ ಶಿಕ್ಷಣ ಇಲ್ಲ, ನೀರಿನ ಕೆಲಸ ಮಾತ್ರ" ಅಂದರೆ ಒಂದು ತಿಂಗಳ ಶ್ರಮ ಉಳಿಯಿತು.

ಕಂಪನಿಗಳಿಗೆ ವರ್ಷ ಶುರುವಾಗುವುದು ಏಪ್ರಿಲ್‌ನಲ್ಲಿ. ಜನವರಿಯಿಂದ ಏಪ್ರಿಲ್ ಒಳಗೆ ನಿಮ್ಮ ಮಾತು ಅವರ ಕಿವಿಗೆ ಬಿದ್ದಿದ್ದರೆ ಹೊಸ ಬಜೆಟ್‌ನಲ್ಲಿ ಜಾಗ ಸಿಗುವ ಸಾಧ್ಯತೆ ಇದೆ. ಫೆಬ್ರವರಿ ಕೊನೆಗೆ "ಸ್ವಲ್ಪ ಹಣ ಉಳಿದಿದೆ, ಮಾರ್ಚ್ ಒಳಗೆ ಖರ್ಚು ಮಾಡ್ತೀರಾ?" ಅಂತ ಕರೆ ಬರುವುದೂ ಇದೆ. ನಿಮ್ಮ ಯೋಜನೆಗೆ ಹೊಂದಿದರೆ ಮಾತ್ರ ಹೂಂ ಅನ್ನಿ.

ಸಮಸ್ಯೆಯನ್ನು ಬರೆಯುವುದು

ಇಲ್ಲಿ ನಿಧಾನ ಮಾಡಿ. "ಕೊಡಗಿನ ಆದಿವಾಸಿ ಮಕ್ಕಳು ಶಿಕ್ಷಣದಲ್ಲಿ ತೀರಾ ಹಿಂದುಳಿದಿದ್ದು, ಅವರ ಸರ್ವಾಂಗೀಣ ಅಭಿವೃದ್ಧಿಗಾಗಿ ನಮ್ಮ ಸಂಸ್ಥೆ ಶ್ರಮಿಸುತ್ತಿದೆ" ಅಂತ ಬರೆದರೆ ಅದು ಯಾರಿಗೆ ಬೇಕಾದರೂ ಹೊಂದುವ ಸಾಲು. ಓದುವವರ ಮನಸ್ಸಿನಲ್ಲಿ ಒಂದು ಮಗುವೂ ನಿಲ್ಲಲ್ಲ.

ತಿತಿಮತಿ ಕಡೆ ಎರಡು ಹಾಡಿಯಲ್ಲಿ ಕೆಲಸ ಮಾಡುವ ಸಂಸ್ಥೆ ಅಂದುಕೊಳ್ಳಿ. ಅಂಕಿಗಳನ್ನು ಉದಾಹರಣೆಗೆಂದು ಇಡುತ್ತಿದ್ದೇನೆ. ಹೀಗೆ ಬರೆಯಬಹುದು:

"ಈ ಎರಡು ಹಾಡಿಗಳಲ್ಲಿ 6ರಿಂದ 14 ವರ್ಷದ 40 ಮಕ್ಕಳಿದ್ದಾರೆ. ನಾವು ಮನೆ ಮನೆಗೆ ಹೋಗಿ ಪಟ್ಟಿ ಮಾಡಿದ್ದೇವೆ. ಜುಲೈನಲ್ಲಿ 34 ಮಕ್ಕಳು ಶಾಲೆಗೆ ಹೋಗುತ್ತಿದ್ದರು. ಕಾಫಿ ಕೊಯ್ಲು ಶುರುವಾದ ಮೇಲೆ, ಜನವರಿಯಲ್ಲಿ, ಹೋಗುತ್ತಿದ್ದವರು 19. ಅಪ್ಪ ಅಮ್ಮ ಬೆಳಿಗ್ಗೆ ಜೀಪ್ ಹತ್ತಿ ತೋಟಕ್ಕೆ ಹೋದರೆ ಚಿಕ್ಕವರನ್ನು ನೋಡಿಕೊಳ್ಳಲು ದೊಡ್ಡ ಹುಡುಗಿಯರು ಮನೆಯಲ್ಲಿ ಉಳಿಯುತ್ತಾರೆ. ಮನೆಯಲ್ಲಿ ಮಾತಾಡುವುದು ಜೇನುಕುರುಬ ನುಡಿ, ಶಾಲೆಯಲ್ಲಿ ಪುಸ್ತಕದ ಕನ್ನಡ. 4ನೇ ತರಗತಿಗೆ ಬಂದ 9 ಮಕ್ಕಳಲ್ಲಿ 2 ಮಕ್ಕಳು ಮಾತ್ರ ಒಂದು ಪ್ಯಾರಾ ಓದಿದರು."

ಇದರಲ್ಲಿ ದೊಡ್ಡ ಮಾತೇ ಇಲ್ಲ, ಆದರೂ ಏನು ಮಾಡಬೇಕು ಅಂತ ಓದಿದವರಿಗೇ ಗೊತ್ತಾಗುತ್ತದೆ. ಕೊಯ್ಲಿನ ತಿಂಗಳಲ್ಲಿ ಚಿಕ್ಕ ಮಕ್ಕಳನ್ನು ನೋಡಿಕೊಳ್ಳುವ ವ್ಯವಸ್ಥೆ ಬೇಕು, ಹಾಡಿಯದೇ ನುಡಿ ಗೊತ್ತಿರುವ ಕಲಿಸುವವರು ಬೇಕು. ಓದುವ ಮಟ್ಟ ನೋಡೋಕೆ ಪ್ರಥಮ್ ಸಂಸ್ಥೆಯ ಅಸರ್ ಪರೀಕ್ಷೆ ಕನ್ನಡದಲ್ಲೇ ಸಿಗುತ್ತದೆ: ಅಕ್ಷರ, ಪದ, ಸಣ್ಣ ಪ್ಯಾರಾ, ಒಂದು ಕಥೆ. ಅರ್ಜಿ ಹಾಕುವ ಮೊದಲೇ ಒಮ್ಮೆ ಮಾಡಿ ಫಲಿತಾಂಶ ಬರೆದಿಡಿ. ವರ್ಷದ ಕೊನೆಗೆ ಮತ್ತೆ ಮಾಡಿದಾಗ ಏನು ಬದಲಾಯಿತು ಅಂತ ತೋರಿಸೋಕೆ ಇದೇ ಆಧಾರ.

ಇಂಥ ಬರಹಕ್ಕೆ ಹಾಡಿಯವರನ್ನು ಕೇಳಿರಬೇಕು ಅನ್ನುವುದು ಹೇಳಬೇಕಾಗಿಲ್ಲ ತಾನೇ? ಒಂದು ಸಂಜೆ ಕೂತು ಮಾತಾಡಿ. ಅವರಿಗೆ ಪಾಠಕ್ಕಿಂತ ಮೊದಲು ರಾತ್ರಿ ಆನೆ ಬರುವ ದಾರಿಯಲ್ಲಿ ಒಂದು ಸೋಲಾರ್ ದೀಪ ಬೇಕಿರಬಹುದು. ಹಾಗಿದ್ದರೆ ಅರ್ಜಿಯಲ್ಲಿ ಅದೂ ಬರಲಿ. ಮಕ್ಕಳ ಫೋಟೋ ಹಾಕುವುದಾದರೆ ಹೆತ್ತವರ ಒಪ್ಪಿಗೆ ತೆಗೆದುಕೊಳ್ಳಿ. ಹರಿದ ಬಟ್ಟೆಯ ಫೋಟೋ ಹಾಕಿ ಹಣ ಕೇಳುವುದು ಬೇಡ, ಆ ಮಗು ನಾಳೆ ದೊಡ್ಡದಾಗಿ ಅದನ್ನು ನೋಡುತ್ತದೆ.

ವೇಳಾಪಟ್ಟಿ ನಮ್ಮ ಊರಿನದ್ದಾಗಿರಲಿ

ಬೆಂಗಳೂರಿನ ಆಫೀಸಿನಲ್ಲಿ ತಯಾರಾದ ಟೇಬಲ್‌ನಲ್ಲಿ ಹನ್ನೆರಡು ತಿಂಗಳೂ ಒಂದೇ ಥರ ಇರುತ್ತವೆ. ಇಲ್ಲಿ ಹಾಗಿಲ್ಲ. ಜೂನ್‌ನಿಂದ ಸೆಪ್ಟೆಂಬರ್ ಭಾಗಮಂಡಲ ಕಡೆ ಏನೂ ಕಟ್ಟೋಕಾಗಲ್ಲ, ಜೋರು ಮಳೆಗೆ ಶಾಲೆಗೇ ರಜೆ ಕೊಡುತ್ತಾರೆ. ಕುಶಾಲನಗರ ಕಡೆ ಮಳೆ ಅಷ್ಟಿಲ್ಲ, ಅಲ್ಲಿ ಕೆಲಸ ನಡೆಸಬಹುದು. ಅರೇಬಿಕಾ ಕೊಯ್ಲು ನವೆಂಬರ್ ಹೊತ್ತಿಗೆ ಶುರು, ರೊಬಸ್ಟಾ ಮಾರ್ಚ್‌ವರೆಗೂ ಎಳೆಯುತ್ತದೆ. ಆ ದಿನಗಳಲ್ಲಿ ಹಗಲು ಹೆಂಗಸರ ಸಭೆ ಕರೆದರೆ ಒಂದು ದಿನದ ಕೂಲಿ ಬಿಟ್ಟು ಯಾರು ಬರುತ್ತಾರೆ? ಪುತ್ತರಿ (ಕೊಡಗಿನ ಸುಗ್ಗಿ ಹಬ್ಬ) ಸಮಯದಲ್ಲಿ ತರಬೇತಿ ಇಡಬೇಡಿ.

ಈ ಕಾರಣಗಳನ್ನು ಅರ್ಜಿಯಲ್ಲೇ ಬರೆಯಿರಿ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡ ಕುಸಿದದ್ದನ್ನು ಹೊರಗಿನವರೂ ಟಿವಿಯಲ್ಲಿ ನೋಡಿದ್ದಾರೆ. ರಸ್ತೆ ಮುಚ್ಚಿದರೆ ನಿಮ್ಮ ಬದಲಿ ಯೋಜನೆ ಏನು ಅಂತ ಎರಡು ಸಾಲು ಇದ್ದರೆ ಇವರಿಗೆ ಜಾಗ ಗೊತ್ತಿದೆ ಅಂತ ಧೈರ್ಯ ಬರುತ್ತದೆ.

ಬಜೆಟ್

ಅದೇ ಎರಡು ಹಾಡಿ, 40 ಮಕ್ಕಳು, ಒಂದು ವರ್ಷ. ದರಗಳನ್ನು ನಿಮ್ಮ ಊರಿಗೆ ತಕ್ಕಂತೆ ಬದಲಿಸಿಕೊಳ್ಳಿ, ಲೆಕ್ಕ ಹಾಕುವ ರೀತಿ ನೋಡಿ.

ಸಂಜೆ ಕಲಿಸುವ ಇಬ್ಬರಿಗೆ ತಿಂಗಳಿಗೆ 10,000ದಂತೆ 12 ತಿಂಗಳಿಗೆ 2,40,000. ಸಂಜೆ ತಿಂಡಿ, ಮಗುವಿಗೆ 12 ರೂಪಾಯಿ, 220 ದಿನ: 1,05,600. ಪುಸ್ತಕ, ಚಾಪೆ, ದೀಪ: 40,000. ಓಡಾಟ ತಿಂಗಳಿಗೆ 4,000: 48,000. ಮಳೆಗಾಲದ ನಾಲ್ಕು ತಿಂಗಳು ತಿಂಗಳಿಗೆ ನಾಲ್ಕು ಸಲ ಜೀಪ್, ಸಲಕ್ಕೆ 1,200: 19,200. ಸಂಯೋಜಕರ 20,000 ಸಂಬಳದ ಕಾಲು ಭಾಗ: 60,000. ಲೆಕ್ಕಪತ್ರ ಮತ್ತು ಆಡಿಟ್: 25,000. ಒಟ್ಟು 5,37,800. ಮಗುವಿಗೆ ವರ್ಷಕ್ಕೆ 13,445 ರೂಪಾಯಿ.

ಸಂಯೋಜಕರ ಸಂಬಳ, ಆಡಿಟ್ ಖರ್ಚು ಕೇಳೋಕೆ ನಮ್ಮವರು ಹಿಂಜರಿಯುತ್ತಾರೆ. ಸೇವೆ ಮಾಡುವವರು ಸಂಬಳ ಕೇಳಬಾರದು ಅನ್ನುವ ಭಾವನೆ. ಇದನ್ನು ಬಿಡಬೇಕು. ಆ 85,000 ಬಿಟ್ಟರೆ ಆ ಕೆಲಸವನ್ನು ಯಾರೋ ರಾತ್ರಿ ನಿದ್ದೆಗೆಟ್ಟು ಮಾಡುತ್ತಾರೆ, ಎರಡನೇ ವರ್ಷ ಅವರೇ ಬಿಟ್ಟು ಹೋಗುತ್ತಾರೆ, ಸಂಜೆ ಪಾಠ ನಿಲ್ಲುತ್ತದೆ. ನ್ಯಾಯವಾಗಿ ಕೇಳಿ, ಯಾಕೆ ಬೇಕು ಅಂತ ಒಂದು ಸಾಲು ಬರೆಯಿರಿ. ಕೆಲವರು ಇದಕ್ಕೆ ಮಿತಿ ಹಾಕಿರುತ್ತಾರೆ, ಮೊದಲೇ ಕೇಳಿಕೊಳ್ಳಿ.

ನೀವು ಏನು ಹಾಕುತ್ತೀರಿ ಅನ್ನುವುದನ್ನೂ ತೋರಿಸಿ. ಪಂಚಾಯಿತಿ ಕೊಟ್ಟ ಕೋಣೆ, ತೋಟದವರು ಕೊಡುವ ಹಾಲು, ನಿವೃತ್ತ ಟೀಚರ್ ವಾರಕ್ಕೊಮ್ಮೆ ಬರುವುದು, ಇವೆಲ್ಲ ಬಜೆಟ್‌ನ ಕೆಳಗೆ ಬರಲಿ.

ಕಳಿಸುವ ಮೊದಲು ಸಂಸ್ಥೆಗೆ ಸಂಬಂಧವೇ ಇಲ್ಲದ ಒಬ್ಬರಿಗೆ ಓದೋಕೆ ಕೊಡಿ. ಹಣ ಎಲ್ಲಿ ಹೋಗುತ್ತದೆ ಅಂತ ಅವರು ಹೇಳಬಲ್ಲರಾದರೆ ಕಳಿಸಬಹುದು. ಅರ್ಜಿ ಇಂಗ್ಲಿಷ್‌ನಲ್ಲೇ ಬೇಕು ಅಂದರೆ ಮೊದಲು ಕನ್ನಡದಲ್ಲಿ ಪೂರ್ತಿ ಬರೆದು ಆಮೇಲೆ ಯಾರಿಂದಲಾದರೂ ಮಾಡಿಸಿ. ಇಂಗ್ಲಿಷ್ ಬರುವ ಒಬ್ಬರೇ ಕೂತು ಬರೆದರೆ ಹಾಡಿಯಲ್ಲಿ ಓಡಾಡುವವರ ಮಾತು ಅದರಲ್ಲಿ ಬರುವುದೇ ಇಲ್ಲ.

ಅವರು ನೋಡಲು ಬಂದಾಗ

ಶಾಲು, ಹಾರ, ಮಕ್ಕಳ ಡ್ಯಾನ್ಸ್ ಬೇಡ. ಬಂದವರಿಗೆ ಕಾಫಿ ಕೊಟ್ಟು ಮಾಮೂಲಿ ದಿನ ಹೇಗಿರುತ್ತದೋ ಹಾಗೇ ತೋರಿಸಿ. ಹಾಜರಿ ಪುಸ್ತಕ, ನಗದು ಪುಸ್ತಕ, ಮನೆ ಮನೆ ಪಟ್ಟಿ ಮೇಜಿನ ಮೇಲಿರಲಿ. ಕಲಿಸುವ ಹುಡುಗಿಯೇ ಮಾತಾಡಲಿ, ಅಧ್ಯಕ್ಷರು ಸ್ವಲ್ಪ ದೂರ ನಿಲ್ಲಲಿ. ಯಾವುದು ಸರಿಹೋಗುತ್ತಿಲ್ಲ ಅಂತ ಕೇಳಿದರೆ ನೇರವಾಗಿ ಹೇಳಿ. "ಜನವರಿಯಲ್ಲಿ ಮಕ್ಕಳು ಅರ್ಧಕ್ಕರ್ಧ ಕಡಿಮೆಯಾಗುತ್ತಾರೆ, ಇನ್ನೂ ದಾರಿ ಸಿಕ್ಕಿಲ್ಲ" ಅನ್ನುವ ಮಾತಿಗೆ ಬೆಲೆ ಜಾಸ್ತಿ.

ಹಣ ಬಂದ ಮೇಲೆ

ಒಪ್ಪಂದದ ಪತ್ರವನ್ನು ಸಹಿ ಮಾಡುವ ಮೊದಲು ಪೂರ್ತಿ ಓದಿ. ಎಷ್ಟು ಕಂತು, ಯಾವ ವರದಿ ಕೊಟ್ಟ ಮೇಲೆ ಮುಂದಿನ ಕಂತು, ಒಂದು ತಲೆಬರಹದಿಂದ ಇನ್ನೊಂದಕ್ಕೆ ಹಣ ಬದಲಿಸಬೇಕಾದರೆ ಯಾರ ಒಪ್ಪಿಗೆ, ಉಳಿದ ಹಣ ವಾಪಸ್ ಕೊಡಬೇಕಾ. ಆ ಅನುದಾನಕ್ಕೆ ಬೇರೆ ಬ್ಯಾಂಕ್ ಖಾತೆ ಇಟ್ಟರೆ ವರ್ಷದ ಕೊನೆಗೆ ಚಾರ್ಟರ್ಡ್ ಅಕೌಂಟೆಂಟ್‌ರಿಂದ ಬಳಕೆ ಪ್ರಮಾಣಪತ್ರ ಮಾಡಿಸೋದು ಸುಲಭ.

ಮಳೆಗೆ ಕೆಲಸ ನಿಂತರೆ ಅದೇ ವಾರ ತಿಳಿಸಿ. ಮೂರು ತಿಂಗಳಾದ ಮೇಲೆ ವರದಿಯಲ್ಲಿ ಗೊತ್ತಾದರೆ ಅವರಿಗೆ ಸಿಟ್ಟು ಬರುತ್ತದೆ, ಅದೇ ವಾರ ಹೇಳಿದರೆ ಅವಧಿ ಮುಂದೂಡೋಕೆ ಹೆಚ್ಚಿನವರು ಒಪ್ಪುತ್ತಾರೆ. ಎರಡನೇ ವರ್ಷದ ಮಾತನ್ನು ಒಂಬತ್ತನೇ ತಿಂಗಳಲ್ಲೇ ಶುರು ಮಾಡಿ.

ಅರ್ಜಿ ತಿರಸ್ಕಾರವಾಗಿದ್ದರೆ ಒಂದು ವಾರ ಬಿಟ್ಟು ಇಮೇಲ್ ಮಾಡಿ, ಯಾಕೆ ಅಂತ ಕೇಳಿ. ಎಲ್ಲರೂ ಉತ್ತರ ಕೊಡಲ್ಲ, ಕೊಟ್ಟವರ ಮಾತನ್ನು ಫೈಲ್‌ನಲ್ಲಿ ಬರೆದಿಡಿ. ಕೆಲಸದ ದೋಷವೋ, ಕಾಗದದ ದೋಷವೋ, ಆ ವರ್ಷ ಅವರ ಆದ್ಯತೆಯೇ ಬೇರೆಯಾಗಿತ್ತೋ ಅಂತ ಗೊತ್ತಾದರೆ ಅದೇ ಅರ್ಜಿಯನ್ನು ಯಾರಿಗೆ, ಯಾವಾಗ ಮತ್ತೆ ಕಳಿಸಬೇಕು ಅನ್ನುವುದು ತೀರ್ಮಾನವಾಗುತ್ತದೆ. ಅಷ್ಟರೊಳಗೆ ಜನವರಿಯ ಹಾಜರಿ ಮತ್ತೆ ತೆಗೆದುಕೊಂಡಿರಿ, ಹೊಸ ಅರ್ಜಿಗೆ ಬೇಕಾಗುತ್ತದೆ.